ಮೇಕೆದಾಟಿನ ಒರಳುಗಳು

ಪ್ರೀತಿಯ ಸೀನ,

ಹೋದ ಭಾನುವಾರ ಮೇಕೆದಾಟಿಗೆ ಹೋಗಿದ್ದೆ. ಕಾಲೇಜಲ್ಲಿದ್ದಾಗ ಇಬ್ಬರೂ ಹೋಗಿ ನೀರು ನೋಡಿ, ಚುರುಮುರಿ ತಿಂದು ವಾಪಸ್ ಬಂದಿದ್ದೆವಲ್ಲ, ಅದೇ ಜಾಗ. ಆಗ ನಾವು ಏನನ್ನೂ ನೋಡಿರಲಿಲ್ಲ ಕಣೋ.

ಸಂಗಮದಲ್ಲಿ ಅರ್ಕಾವತಿ ದಾಟಿ, ಲಟಾರಿ ಬಸ್ಸಿನಲ್ಲಿ ಮೈಯೆಲ್ಲ ಕುಲುಕಿಸಿಕೊಂಡು ಹೋದೆ. ಕಾವೇರಿ ಹೊಳೆ ಈಗ ಇಳಿದಿದೆ. ಬಂಡೆಯ ತುಂಬ ಒರಳುಗಳು! ನಮ್ಮಜ್ಜಿಯ ರುಬ್ಬೋ ಕಲ್ಲಿನಷ್ಟು ಚಿಕ್ಕವೂ ಇವೆ, ಒಬ್ಬ ಆಳು ಇಳಿದು ಕೂರುವಷ್ಟು ದೊಡ್ಡವೂ ಇವೆ. ಸುಳಿಗೆ ಸಿಕ್ಕ ಕಲ್ಲು ಎಷ್ಟೋ ಮಳೆಗಾಲ ಒಂದೇ ಕಡೆ ಗಿರಗಿರ ತಿರುಗಿ ಕೊರೆದದ್ದು. ಒಂದರೊಳಗೆ ಬಗ್ಗಿ ನೋಡಿದೆ. ಗುಂಡು ಇನ್ನೂ ತಳದಲ್ಲೇ ಕೂತಿತ್ತು, ಮೊಟ್ಟೆಯಷ್ಟು ನುಣ್ಣಗೆ. ಏನಿಲ್ಲವೆಂದರೂ 250 ಕೋಟಿ ವರ್ಷ ಹಳೆಯ ಬಂಡೆ ಅದು. ಒರಳಿಗೆ ಒರಳು ಕೂಡಿ ನಡುವಿನ ಗೋಡೆ ಒಡೆದರೆ ಹೊಳೆಗೆ ಹೊಸ ಓಣಿ.

ಆಮೇಲೆ ನೀರಿಗೆ ಬೆನ್ನು ಹಾಕಿ ನಿಂತೆ. ಕಾಡು ಒಂದಲ್ಲ, ಎರಡು. ದಡದಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ. ಈ ಬಿಸಿಲಲ್ಲೂ ಹಸಿರು. ಬೂದು ಬಣ್ಣದ ದೊಡ್ಡ ಅಳಿಲು ಇರುವುದು ಈ ಮರಗಳ ಮೇಲೇ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅದರ ಸಂಸಾರ ನಡೆಯುತ್ತೆ. ಸ್ವಲ್ಪ ಮೇಲೆ ಹತ್ತು, ಎಲ್ಲ ಬೇರೆ. ತೆಳ್ಳನೆ ಮಣ್ಣು, ಸುಡುವ ಕಲ್ಲು, ದಿಂಡಿಗ, ಜಾಲಿ, ಕಮರ. ಹೊಳೆ ಕಣ್ಣೆದುರೇ ಇದ್ದರೂ ಒಂದು ಹನಿ ಆ ಬೇರುಗಳಿಗೆ ಸಿಗಲ್ಲ. ಕಮರದ ಎಲೆ ನೋಡಿದ್ದೀಯಾ? ಎರಡೆರಡು ಎಲೆ ಜೋಡಿಯಾಗಿ, ಥೇಟ್ ಮೇಕೆಯ ಗೊರಸಿನ ಹಾಗೆ. ಮೇಕೆ ಹಾರಿದ ಕತೆಗಿಂತ ನನಗೆ ಇದೇ ಜಾಸ್ತಿ ಹಿಡಿಸಿತು.

1987ರಿಂದ ಇದು ಕಾವೇರಿ ವನ್ಯಜೀವಿ ಧಾಮ. ಆದರೆ ಮೇಕೆದಾಟು ಅಂದರೆ ಜನಕ್ಕೆ ನೆನಪಾಗುವುದು ಇಲ್ಲಿ ಕಟ್ಟಬೇಕೆಂದಿರುವ ಅಣೆಕಟ್ಟು, ಅದರ 67 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರಿನ ಲೆಕ್ಕ. ನಮ್ಮನೆ ನಲ್ಲಿಯಲ್ಲಿ ಬರುವುದೂ ಕಾವೇರಿಯೇ, ಅದಕ್ಕೇ ದೊಡ್ಡ ಮಾತಾಡಲ್ಲ. ಆದರೂ ಹಿನ್ನೀರು ನಿಂತರೆ ಮೊದಲು ಮುಳುಗುವುದು ದಡದ ಆ ಹೊಳೆಮತ್ತಿ ಸಾಲೇ ಅಲ್ವಾ?

ಅದರ ಒಂದು ಒಣಕಾಯಿ ಕಾಲ ಹತ್ತಿರ ಬಿದ್ದಿತ್ತು. ಐದು ರೆಕ್ಕೆ. ಜೇಬಿಗೆ ಹಾಕಿಕೊಂಡವನು ತಿರುಗಿ ತೆಗೆದು ನೀರಿಗೆ ಬಿಟ್ಟೆ. ಮುಳುಗಲಿಲ್ಲ. ಎರಡು ಸುತ್ತು ತಿರುಗಿ ತಮಿಳುನಾಡಿನ ಕಡೆ ಹೊರಟಿತು.

ನಾನಂತೂ ನೀರಿಗಿಳಿಯಲಿಲ್ಲ, ನಿಮ್ಮಮ್ಮನಿಗೆ ಹೇಳು.

ನಿನ್ನ,
ರಾಜ