ಫೈಲು ಹುಡುಕುವ, ನಕಲಿಸುವ ಕಮಾಂಡ್‌ಗಳನ್ನು ಅರ್ಧಕ್ಕೆ ಕಲಿಸಬೇಡಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಕಲಿಕೆಯ ಅಂಕಣಗಳಲ್ಲಿ ಲಿನಕ್ಸ್ ಕಮಾಂಡ್‌ಗಳಿಗೆ ಒಂದೊಂದು ಸಾಲಿನ ಅರ್ಥ ಕೊಟ್ಟು ಮುಗಿಸುವುದು ರೂಢಿಯಾಗಿದೆ. ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಮಟ್ಟಿಗೆ ಅಷ್ಟು ಸಾಕು. ಆದರೆ ಹುಡುಕುವ ‘ಫೈಂಡ್’ ಮತ್ತು ನಕಲಿಸುವ ‘ಸಿಪಿ’ಯನ್ನು ಜೋಡಿಸಿ ಬಳಸುವವರಿಗೆ ಸಾಲದು. ಅಲ್ಲಿ ಒಂದು ಎರರ್ ಕೂಡ ತೋರಿಸದೆ ಫೈಲುಗಳು ಕಳೆದುಹೋಗುತ್ತವೆ.

ಹೆಸರಿನಿಂದ ಹುಡುಕುವ ಫೈಂಡ್‌ನ ‘ನೇಮ್’ ಆಯ್ಕೆಗೆ *.ಜೆಪಿಜಿ ಎಂಬಂಥ ಮಾದರಿಯನ್ನು ಕೋಟ್ (ಉದ್ಧರಣ ಚಿಹ್ನೆ) ಹಾಕದೆ ಕೊಟ್ಟರೆ, ಆ ನಕ್ಷತ್ರ ಚಿಹ್ನೆಯನ್ನು ಫೈಂಡ್ ನೋಡುವ ಮೊದಲೇ ಶೆಲ್ (ನಾವು ಬರೆದ ಕಮಾಂಡನ್ನು ಓದಿ ನಡೆಸುವ ಪ್ರೋಗ್ರಾಂ) ಅದಕ್ಕೆ ಹೊಂದುವ ಫೈಲುಗಳ ಹೆಸರುಗಳಾಗಿ ಬಿಡಿಸಿಬಿಡುತ್ತದೆ. ನಾವಿರುವ ಫೋಲ್ಡರಿನಲ್ಲಿ ಅಂಥ ಫೈಲು ಇಲ್ಲದಿದ್ದರೆ ಬ್ಯಾಶ್ ಎಂಬ ಶೆಲ್‌ನಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಒಂದು ಇದ್ದರೆ ಆ ಒಂದು ಹೆಸರನ್ನಷ್ಟೇ ಎಲ್ಲೆಡೆ ಹುಡುಕುತ್ತದೆ. ಎರಡಿದ್ದರೆ ಎರರ್. ನಿನ್ನೆ ನಡೆದ ಕಮಾಂಡ್ ಇವತ್ತೇಕೆ ನಡೆಯಲಿಲ್ಲ ಎಂದು ಕಲಿಯುವವರು ತಲೆಕೆಡಿಸಿಕೊಳ್ಳುವುದು ಇಲ್ಲೇ.

ಇದಕ್ಕಿಂತ ದೊಡ್ಡ ಅಪಾಯ ನಕಲಿಸುವಾಗಿನದು. ಬೇರೆ ಬೇರೆ ಫೋಲ್ಡರುಗಳ ಫೋಟೊಗಳನ್ನೆಲ್ಲ ಹುಡುಕಿ ಒಂದೇ ಕಡೆ ಹಾಕಬೇಕು ಎಂದುಕೊಳ್ಳಿ. ಕ್ಯಾಮೆರಾ ಕೊಟ್ಟ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಸಿಕ್ಕ ಫೈಲುಗಳ ಮೇಲೆ ಇನ್ನೊಂದು ಕಮಾಂಡ್ ಓಡಿಸುವ ಫೈಂಡ್‌ನ ‘ಎಕ್ಸೆಕ್’ ಆಯ್ಕೆಯನ್ನು ಅರ್ಧವಿರಾಮ ಚಿಹ್ನೆಯಿಂದ (;) ಮುಗಿಸಿದರೆ ಪ್ರತಿ ಫೈಲಿಗೂ ಹೊಸದಾಗಿ ಸಿಪಿ ಓಡುತ್ತದೆ. ಹಿಂದಿನ ಸಿಪಿ ಏನು ಬರೆದಿತ್ತೆಂದು ಅದಕ್ಕೆ ತಿಳಿಯದು, ಹಾಗಾಗಿ ಅದೇ ಹೆಸರಿನ ಹಳೆಯ ನಕಲಿನ ಮೇಲೆಯೇ ಬರೆಯುತ್ತದೆ. + ಚಿಹ್ನೆಯಿಂದ ಮುಗಿಸಿದರೆ ಹಲವು ಫೈಲುಗಳು ಒಂದೇ ಸಿಪಿಗೆ ಹೋಗುತ್ತವೆ. ಆಗ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಗ್ನೂ ಸಿಪಿ, ತಾನು ಈಗಷ್ಟೇ ಬರೆದ ಫೈಲನ್ನು ಅಳಿಸಲಾರೆ ಎಂದು ಹೇಳಿ ಎರಡನೆಯದನ್ನು ಬಿಟ್ಟುಬಿಡುತ್ತದೆ. (ಈ ಬಗೆಯಲ್ಲಿ, ಸಿಕ್ಕ ಫೈಲುಗಳ ಹೆಸರು ಬರುವ ಜಾಗವಾದ {} ಕೊನೆಗೇ ಬರಬೇಕಾದ್ದರಿಂದ ಎಲ್ಲಿಗೆ ನಕಲಿಸಬೇಕೆಂಬುದನ್ನು -ಟಿ ಆಯ್ಕೆಯಲ್ಲಿ ಮೊದಲೇ ಹೇಳಬೇಕು.) ಮೇಲೆ ಬರೆಯಬೇಡ ಎನ್ನುವ -ಎನ್ ಆಯ್ಕೆಯೂ ಪರಿಹಾರವಲ್ಲ, ಎರಡನೆಯ ಫೋಟೊ ಆಗಲೂ ನಕಲಾಗುವುದಿಲ್ಲ. ಸಿಪಿಗೆ --ಪೇರೆಂಟ್ಸ್ ಆಯ್ಕೆ ಹಾಕಿದರೆ ಫೋಲ್ಡರಿನ ದಾರಿಯೂ ಜೊತೆಗೆ ಬಂದು ಹೆಸರುಗಳು ಡಿಕ್ಕಿಯಾಗುವುದು ತಪ್ಪುತ್ತದೆ. ಮ್ಯಾಕ್‌ನ ಸಿಪಿಯಲ್ಲಿ ಇದು ಇಲ್ಲ ಎಂಬುದನ್ನೂ ಅಂಕಣಕಾರರು ತಿಳಿಸಬೇಕು.

ಮೊದಲು ‘ಎಕ್ಸೆಕ್’ ಇಲ್ಲದೆ ಫೈಂಡ್ ಓಡಿಸಿ ಪಟ್ಟಿ ನೋಡಿ. ನಕಲಾದ ಮೇಲೆ ಎರಡೂ ಕಡೆ ಫೈಂಡ್ ಕೊಡುವ ಪಟ್ಟಿಯನ್ನು, ಸಾಲುಗಳನ್ನು ಎಣಿಸುವ ‘ಡಬ್ಲ್ಯುಸಿ -ಎಲ್’ಗೆ ಕೊಟ್ಟು ಎಣಿಸಿ. ಲೆಕ್ಕ ತಾಳೆಯಾಗುವವರೆಗೆ ಮೂಲ ಫೈಲುಗಳನ್ನು ಮುಟ್ಟಬೇಡಿ.

ಇನ್ನೊಂದೆರಡು ಮಾತು. ಫೈಲು ಬದಲಾಗಿ ಎಷ್ಟು ದಿನವಾಯಿತೆಂದು ನೋಡುವ ಫೈಂಡ್‌ನ ‘ಎಮ್‌ಟೈಮ್ +7’ ಎಂದರೆ ಏಳು ದಿನ ದಾಟಿದ್ದು ಎಂದೇ ಎಲ್ಲರೂ ಬರೆಯುತ್ತಾರೆ. ಫೈಂಡ್ ದಿನದ ತುಣುಕನ್ನು ಲೆಕ್ಕಕ್ಕೆ ಹಿಡಿಯದ ಕಾರಣ ಕನಿಷ್ಠ ಎಂಟು ದಿನ ತುಂಬಿದ ಫೈಲುಗಳೇ ಸಿಗುತ್ತವೆ. ಸಿಕ್ಕ ಫೈಲುಗಳನ್ನು ಅಳಿಸುವ ‘ಡಿಲೀಟ್’ ಆಯ್ಕೆಯನ್ನು ‘ನೇಮ್’ಗಿಂತ ಮುಂಚೆ ಬರೆದರೆ ಹೆಸರು ನೋಡುವ ಮೊದಲೇ ಎಲ್ಲವೂ ಅಳಿಸಿಹೋಗುತ್ತದೆ.

ತಮ್ಮಲ್ಲಿ ಒಂದು ವಿನಂತಿ. ಪುಟ ವಿನ್ಯಾಸ ಮಾಡುವಾಗ ನೇರ ಕೋಟ್‌ಗಳು ಬಾಗಿದ ಕೋಟ್‌ಗಳಾಗುತ್ತವೆ, ಎರಡು ಅಡ್ಡಗೆರೆಗಳು ಸೇರಿ ಒಂದು ಉದ್ದ ಗೆರೆಯಾಗುತ್ತದೆ. ಶೆಲ್‌ಗೆ ಬಾಗಿದ ಕೋಟ್ ಬರೀ ಒಂದು ಅಕ್ಷರ. ಜಾಲತಾಣದಿಂದ ಅದನ್ನು ಹಾಗೆಯೇ ತೆಗೆದು ಅಂಟಿಸಿದವರಿಗೆ ಫೈಂಡ್ ಏನನ್ನೂ ಹುಡುಕಿಕೊಡುವುದಿಲ್ಲ, ತಪ್ಪನ್ನೂ ತೋರಿಸುವುದಿಲ್ಲ. ಕಮಾಂಡ್‌ಗಳ ಸಾಲುಗಳಿಗೆ ಸಮ ಅಗಲದ ಅಕ್ಷರಗಳನ್ನು ಬಳಸಿ, ಅಲ್ಲಿ ಈ ತಾನೇತಾನಾದ ತಿದ್ದುಪಡಿಯನ್ನು ನಿಲ್ಲಿಸಿ.

ಇಂತಿ,
ಪತ್ರಿಕೆಯ ಓದುಗ