ಬೆಳ್ಳಿ ಷೂ ಕೆಂಪಾದದ್ದೇಕೆ

ಪ್ರೀತಿಯ ತಮ್ಮ,

‘ದಿ ವಿಝರ್ಡ್ ಆಫ್ ಆಝ್’ ಚಿತ್ರದ ತೆರೆಮರೆಯ ಸಂಗತಿಗಳನ್ನು ಕುರಿತ ನಿನ್ನ ಲೇಖನ ಓದಿದೆ. ಸಂಗತಿಗಳು ರಾಶಿ ಬಿದ್ದಿವೆ, ಒಂದಕ್ಕೂ ಬಾಯಿ ಬಂದಿಲ್ಲ. ಅಮೆರಿಕದ ಕ್ಯಾನ್ಸಸ್‌ನಿಂದ ಆಝ್ ಎಂಬ ಮಾಯಾಲೋಕಕ್ಕೆ ಹೋಗುವ ಹುಡುಗಿ ಡೊರೊಥಿಯ ಕೆಂಪು ಷೂಗಳಿಗೆ ನೀನು ಕೊಟ್ಟಿರುವುದು ಒಂದೇ ಸಾಲು. ನನ್ನ ತಕರಾರು ಅಲ್ಲಿಂದಲೇ ಶುರು.

ಚಿತ್ರಕ್ಕೆ ಮೂಲವಾದ, ಫ್ರ್ಯಾಂಕ್ ಬಾಮ್ ಅವರ 1900ರ ಕಾದಂಬರಿಯಲ್ಲಿ ಅವು ಬೆಳ್ಳಿಯವು. ಚಿತ್ರಕಥೆ ಬರೆಯಲು ಕೂತ ನೋಯೆಲ್ ಲ್ಯಾಂಗ್ಲಿ ಅವನ್ನು ಮಾಣಿಕ್ಯದ ಷೂಗಳಾಗಿಸಿದರು. ‘ಬೆಳ್ಳಿ’ ಎಂದು ಬರೆದರೆ ಸಾಕು, ಓದುಗನ ಮನಸ್ಸಿನಲ್ಲಿ ಅದು ತಾನೇ ಹೊಳೆಯುತ್ತದೆ. ಆದರೆ ಎಂಜಿಎಂ ಸ್ಟುಡಿಯೊ ಬಣ್ಣದ ಚಿತ್ರ ತೆಗೆಯುವ ದುಬಾರಿ ಟೆಕ್ನಿಕಲರ್‌ಗೆ ಹಣ ಸುರಿದಿತ್ತು. ಹಳದಿ ಇಟ್ಟಿಗೆಯ ದಾರಿಯ ಮೇಲೆ ಕಣ್ಣಿಗೆ ಹೊಡೆಯುವ ಬಣ್ಣವೇ ಬೇಕಿತ್ತು. ಇನ್ನೊಂದು ಬದಿಯನ್ನೂ ನೋಡು. ಕ್ಯಾನ್ಸಸ್‌ನ ಬಯಲು, ಮನೆ, ಕೊನೆಗೆ ಚಿಕ್ಕಮ್ಮನ ಮುಖ ಕೂಡ ಬೂದು ಎಂದು ಬಾಮ್ ಮೊದಲ ಅಧ್ಯಾಯದಲ್ಲೇ ಹೇಳಿಬಿಟ್ಟಿದ್ದಾರೆ. 1939ರ ಚಿತ್ರ ಕ್ಯಾನ್ಸಸ್‌ಗೆ ಬಣ್ಣ ಕೊಡದೆ, ಆಝ್‌ನ ಬಾಗಿಲು ತೆರೆದಾಗ ಮಾತ್ರ ಬಣ್ಣ ಚೆಲ್ಲಿದ್ದು ಕಾದಂಬರಿಗೆ ನಿಷ್ಠವಾಗಿಯೇ. ಒಂದು ಕಡೆ ಪುಸ್ತಕವನ್ನು ಮೀರಿದವರು ಇನ್ನೊಂದು ಕಡೆ ಅದಕ್ಕೆ ಜೋತುಬಿದ್ದರು. ನಿನ್ನ ಲೇಖನ ಇರಬೇಕಾದದ್ದು ಇಲ್ಲಿ.

ತಗಡಿನ ಮನುಷ್ಯನ ಪಾತ್ರವನ್ನು ಮೊದಲು ಮಾಡುತ್ತಿದ್ದ ಬಡ್ಡಿ ಎಬ್ಸನ್, ಮುಖಕ್ಕೆ ಹಚ್ಚಿದ ಅಲ್ಯೂಮಿನಿಯಂ ಪುಡಿ ಉಸಿರಿನೊಡನೆ ಒಳಹೋಗಿ ಆಸ್ಪತ್ರೆ ಸೇರಿದರು. ಅವರ ಜಾಗಕ್ಕೆ ಬಂದ ಜ್ಯಾಕ್ ಹೇಲಿಗೆ ಪುಡಿ ಬಿಟ್ಟು ಲೇಪ ಹಚ್ಚಿದರು. ಮಾಟಗಾತಿಯಾಗಿದ್ದ ಮಾರ್ಗರೆಟ್ ಹ್ಯಾಮಿಲ್ಟನ್ ಅವರ ಮುಖ, ಕೈ ಚಿತ್ರೀಕರಣದಲ್ಲಿ ಬೆಂಕಿ ತಗುಲಿ ಸುಟ್ಟವು. ಮುಖಕ್ಕೆ ಹಚ್ಚಿದ್ದ ಹಸಿರು ಬಣ್ಣದಲ್ಲಿ ವಿಷಕಾರಿ ತಾಮ್ರದ ಅಂಶವಿದ್ದುದರಿಂದ ಸುಟ್ಟ ಚರ್ಮದಿಂದಲೇ ಅದನ್ನು ಒರೆಸಿ ತೆಗೆಯಬೇಕಾಯಿತು. ಅವರು ವಾರಗಟ್ಟಲೆ ಚಿತ್ರೀಕರಣಕ್ಕೆ ಬರಲಿಲ್ಲ. ಮರಳಿದ ಮೇಲೆ ಹೊಗೆಯುಗುಳುವ ಪೊರಕೆ ಏರಲು ಒಪ್ಪಲಿಲ್ಲ. ಏರಿದ ಬದಲಿ ನಟಿ ಬೆಟ್ಟಿ ಡ್ಯಾಂಕೊ ಗಾಯಗೊಂಡರು. ಇದನ್ನೆಲ್ಲ ‘ನಿಮಗಿದು ಗೊತ್ತೇ?’ ಎಂಬ ಚೌಕದೊಳಗೆ, ಉದ್ಗಾರ ಚಿಹ್ನೆ ಹಾಕಿ ಕೂರಿಸಿದ್ದೀಯಲ್ಲ! ಮೊದಲು ಆ ಚಿಹ್ನೆಗಳನ್ನು ಅಳಿಸು.

ಕಾಡಿನ ದೃಶ್ಯದ ಹಿನ್ನೆಲೆಯಲ್ಲಿ ನೇತಾಡುವ ಹೆಣದ ಕಥೆಯನ್ನಂತೂ ಪೂರ್ತಿ ಕಿತ್ತುಹಾಕು. ಅದು ಹೆಣವಲ್ಲ, ಸೆಟ್‌ನಲ್ಲಿ ಬಿಟ್ಟಿದ್ದ ದೊಡ್ಡ ಹಕ್ಕಿ. ವಿಡಿಯೊ ಕ್ಯಾಸೆಟ್ಟಿನ ಮಸುಕು ಪ್ರತಿಗಳಲ್ಲಿ ಕೊಬ್ಬಿದ ಗಾಳಿಸುದ್ದಿ ಅದು. ಸ್ವಚ್ಛಗೊಳಿಸಿದ ಪ್ರತಿಯಲ್ಲಿ ಹಕ್ಕಿ ರೆಕ್ಕೆ ಬಿಚ್ಚುವುದು ಕಾಣುತ್ತದೆ. ನೀನು ಆ ದೃಶ್ಯವನ್ನು ನೋಡದೆಯೇ ಬರೆದಿದ್ದೀಯ ಎಂದು ನನ್ನ ಗುಮಾನಿ.

ಬಾಮ್ ಕಾದಂಬರಿಯ ಮೊದಲ ಎರಡು ಅಧ್ಯಾಯ ಓದು, ಚಿತ್ರದ ಮೊದಲ ಅರ್ಧ ಗಂಟೆ ನೋಡು. ಷೂಗಳಿಂದ ಶುರುಮಾಡಿ ಹೊಸದಾಗಿ ಬರೆದು ಕಳಿಸು. ಸಂಪಾದಕರಿಗೆ ಒಂದು ವಾರ ತಡವಾಗುತ್ತದೆ ಎಂದು ನಾನೇ ಹೇಳಿರುತ್ತೇನೆ.

ನಿನ್ನ ಅಕ್ಕ