ಪಿನ್‌ಬಾಲ್‌ಗೆ ಚಾರ್ಲಿ ಬ್ರೌನ್‌ಗಿಂತ ಒಳ್ಳೆಯ ಜೋಡಿ ಬೇಕೆ?

ಮಾನ್ಯ ಸಂಪಾದಕರೇ,

ಪಿನ್‌ಬಾಲ್ ಯಂತ್ರಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸೆಯಿಂದ ಓದಿದೆ. ಆದರೆ ಹಳೆಯ ಕಾಮಿಕ್ ಸ್ಟ್ರಿಪ್‌ಗಳು ಈ ಆಟಕ್ಕೆ ತೀರಾ ಸಪ್ಪೆ, ಸೂಪರ್‌ಹೀರೊ ಮತ್ತು ರಾಕ್ ಬ್ಯಾಂಡ್‌ಗಳೇ ಸರಿ ಎಂಬ ಮಾತನ್ನು ಒಪ್ಪಲಾರೆ. ಇಂಥ ಯಂತ್ರಗಳ ಗಾಜು ಸರಿಸಿ, ಸುಟ್ಟ ಕಾಯಿಲ್ ಬದಲಿಸಿ, ಸವೆದ ರಬ್ಬರ್ ರಿಂಗ್ ಹಾಕಿಯೇ ಜೀವನ ಮಾಡಿದವನು ನಾನು. ಚಾರ್ಲಿ ಬ್ರೌನ್ ಎಂಬ ಹುಡುಗನ ಕಾಮಿಕ್ ಸ್ಟ್ರಿಪ್ ‘ಪೀನಟ್ಸ್’ ಓದುವ ಚಟ ಅದಕ್ಕೂ ಹಳೆಯದು. ಎರಡನ್ನೂ ಬಲ್ಲವನಾಗಿ ಹೇಳುತ್ತೇನೆ, ಇವೆರಡೂ ಒಂದಕ್ಕೊಂದು ಹೇಳಿ ಮಾಡಿಸಿದಂತಿವೆ.

ಪಿನ್‌ಬಾಲ್‌ನಲ್ಲಿ ಎಂಥ ಆಟಗಾರನ ಚೆಂಡೂ ಕೊನೆಗೆ ಕೆಳಗೆ ಬಿದ್ದೇ ಬೀಳುತ್ತದೆ. ಸುಮಾರು ಆರೂವರೆ ಡಿಗ್ರಿ ಇಳಿಜಾರು, 80 ಗ್ರಾಂ ತೂಕದ ಉಕ್ಕಿನ ಗುಂಡು, ಚೆಂಡನ್ನು ಮೇಲಕ್ಕೆ ಹೊಡೆಯುವ ಎರಡು ಫ್ಲಿಪರ್‌ಗಳ ನಡುವೆ ಬಾಯ್ದೆರೆದ ಸಂದು. ಸೋಲನ್ನು ಎಷ್ಟು ಹೊತ್ತು ಮುಂದೂಡುತ್ತೀರಿ ಎನ್ನುವುದೇ ಆಟ. ಲೋಕ ಗೆಲ್ಲುವ ವೀರರು ಇಲ್ಲಿ ಪ್ರತಿ ಸಲವೂ ಸೋತು ಹೋಗಬೇಕು, ಅದು ಅವರ ಕಥೆಗೆ ಒಗ್ಗುವುದಿಲ್ಲ. ಚಾರ್ಲಿ ಬ್ರೌನ್‌ನ ಕಥೆಯೇ ಅದು. ಬೇಸ್‌ಬಾಲ್‌ನಲ್ಲಿ ಸೋಲುತ್ತಾನೆ, ಗಾಳಿಪಟವನ್ನು ಮರ ನುಂಗುತ್ತದೆ, ಮರುದಿನ ಮತ್ತೆ ಹೊರಡುತ್ತಾನೆ. ಚಾರ್ಲ್ಸ್ ಶುಲ್ಜ್ 1950ರ ಅಕ್ಟೋಬರ್ 2ರಿಂದ ಸುಮಾರು ಐವತ್ತು ವರ್ಷ, 17,897 ಸ್ಟ್ರಿಪ್‌ಗಳಲ್ಲಿ ಇದನ್ನು ಬರೆದರು. ನಾಲ್ಕು ಚೌಕದಲ್ಲಿ ಒಂದು ಸೋಲು, ನಾಳೆ ಇನ್ನೊಂದು. ಮೂರು ಚೆಂಡಿನ ಆಟದ ಲಯವೂ ಇದೇ ಅಲ್ಲವೇ?

ಯಂತ್ರದೊಳಗೆ ಇದು ಹೇಗೆ ಕೂರುತ್ತದೆ ಎಂದು ನೋಡಿ. ಚಾರ್ಲಿ ಬ್ರೌನ್ ಒದೆಯಲು ಓಡಿ ಬಂದಾಗಲೆಲ್ಲ ಲೂಸಿ ಎಂಬ ಹುಡುಗಿ ತಾನು ಹಿಡಿದ ಫುಟ್‌ಬಾಲನ್ನು ಸರಕ್ಕನೆ ಎಳೆದುಕೊಳ್ಳುತ್ತಾಳಲ್ಲ, ಆ ಫುಟ್‌ಬಾಲ್ ಒಂದು ಡ್ರಾಪ್ ಟಾರ್ಗೆಟ್, ಎಂದರೆ ಹಲಗೆಯೊಳಕ್ಕೆ ಕುಸಿಯುವ ಗುರಿ. ಅದರ ಮುಂದೆ ಒಂದು ಸೆನ್ಸರ್. ಚೆಂಡು ಹತ್ತಿರ ಬಂದೊಡನೆ ಕಾಯಿಲ್ ‘ಟಕ್’ ಎಂದು ಟಾರ್ಗೆಟ್ ಬೀಳಿಸುತ್ತದೆ, ಚೆಂಡು ಖಾಲಿ ಜಾಗದಲ್ಲಿ ಹಾದು ಹಿಂದಿನ ರಬ್ಬರಿಗೆ ಬಡಿದು ನೇರ ನಿಮ್ಮ ಫ್ಲಿಪರ್‌ಗಳ ನಡುವಿಗೇ ವಾಪಸು. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ. 1992ರ ‘ಆಡಮ್ಸ್ ಫ್ಯಾಮಿಲಿ’ ಪಿನ್‌ಬಾಲ್ ಯಂತ್ರದಲ್ಲಿ ಹಲಗೆಯಡಿಯ ಅಯಸ್ಕಾಂತಗಳು ಚೆಂಡಿನ ದಾರಿ ತಪ್ಪಿಸುತ್ತಿದ್ದವು, ಪೆಟ್ಟಿಗೆಯಿಂದ ಒಂದು ಕೈ ಬಂದು ಚೆಂಡನ್ನು ಎತ್ತಿಕೊಂಡು ಹೋಗುತ್ತಿತ್ತು. 20 ಸಾವಿರಕ್ಕೂ ಹೆಚ್ಚು ಮಾರಾಟವಾದ ಆ ಯಂತ್ರ ಸಿನಿಮಾದ ಹೆಸರಲ್ಲಿ ಬಂದರೂ, ಆ ಕುಟುಂಬ ಹುಟ್ಟಿದ್ದು ಪತ್ರಿಕೆಯ ವ್ಯಂಗ್ಯಚಿತ್ರಗಳಲ್ಲಿ. ಚಾರ್ಲಿ ಬ್ರೌನ್‌ನ ನಾಯಿ ಸ್ನೂಪಿಯ ಗೂಡಿನಲ್ಲಿ ಚೆಂಡುಗಳನ್ನು ಲಾಕ್ ಮಾಡಿ ಒಟ್ಟಿಗೆ ಬಿಟ್ಟರೆ ಮಲ್ಟಿಬಾಲ್ ಆಯಿತು. ಲೂಸಿಯ ಐದು ಸೆಂಟಿನ ಸಲಹಾ ಕಟ್ಟೆಯಂತೂ ಅದೇ ಐದು ಸೆಂಟಿನ ನಾಣ್ಯಕ್ಕೆ ಪಿನ್‌ಬಾಲ್ ಆಡುತ್ತಿದ್ದ ಕಾಲದ್ದು.

ಶುಲ್ಜ್ ರೇಖೆಯೂ ಇದಕ್ಕೆ ಒಪ್ಪುವಂಥದ್ದೇ. ತೊಂಬತ್ತರ ದಶಕದ ಯಂತ್ರಗಳ ಡಾಟ್ ಪರದೆಗೆ 128 ಅಡ್ಡ, 32 ಉದ್ದ ಚುಕ್ಕೆಗಳಷ್ಟೇ ಇದ್ದವು. ಅಷ್ಟರಲ್ಲೂ ಆ ಅಂಕುಡೊಂಕು ಪಟ್ಟಿಯ ಅಂಗಿ ಚಾರ್ಲಿ ಬ್ರೌನ್‌ನದೆಂದು ಯಾರಾದರೂ ಹೇಳಬಲ್ಲರು.

ಕಾಮಿಕ್ ಸ್ಟ್ರಿಪ್ ತಂದ ಮಾತ್ರಕ್ಕೆ ಯಂತ್ರ ಚೆನ್ನಾಗಿರುತ್ತದೆ ಎನ್ನುತ್ತಿಲ್ಲ. 1994ರಲ್ಲಿ ಪೊಪಾಯ್‌ನನ್ನು ತಂದು ಭೂಮಿ ಉಳಿಸುವ ಕೆಲಸ ಕೊಟ್ಟರು. 1929ರಿಂದ ಜನ ಪ್ರೀತಿಸಿದ ಆ ಒರಟು ನಾವಿಕ ಅದರಲ್ಲಿ ನನಗೆ ಸಿಗಲೇ ಇಲ್ಲ. ಪಾತ್ರದ ಹೆಸರನ್ನಷ್ಟೇ ತಂದು ಸ್ವಭಾವವನ್ನು ಹೊರಗೆ ಬಿಟ್ಟರೆ ಹೀಗಾಗುತ್ತದೆ.

ಆದ್ದರಿಂದ ಮುಂದೆ ಯಾರಾದರೂ ‘ಪೀನಟ್ಸ್’ ಕೈಗೆತ್ತಿಕೊಂಡರೆ ನನ್ನದೊಂದೇ ಕೋರಿಕೆ. ಎಷ್ಟೇ ಅಂಕ ಬಂದರೂ ಚಾರ್ಲಿ ಬ್ರೌನ್ ಆ ಫುಟ್‌ಬಾಲ್ ಒದೆಯುವುದನ್ನು ಬಹುಮಾನವಾಗಿ ತೋರಿಸಬೇಡಿ. 1999ರ ಕೊನೆಯ ಫುಟ್‌ಬಾಲ್ ಸ್ಟ್ರಿಪ್‌ನಲ್ಲಿ ಲೂಸಿ ಚೆಂಡನ್ನು ತಮ್ಮ ರೀರನ್ ಕೈಗೆ ಕೊಟ್ಟು ಮನೆಯೊಳಗೆ ಹೋಗುತ್ತಾಳೆ. ಚಾರ್ಲಿ ಬ್ರೌನ್ ಒದ್ದನೋ ಇಲ್ಲವೋ ಎಂದು ರೀರನ್ ಅವಳಿಗೂ ಹೇಳುವುದಿಲ್ಲ, ನಮಗೂ ಹೇಳುವುದಿಲ್ಲ. ಶುಲ್ಜ್ ಅದನ್ನು ಹಾಗೆಯೇ ಬಿಟ್ಟರು. ಯಂತ್ರ ಮಾಡುವವರೂ ಹಾಗೆಯೇ ಬಿಡಲಿ.

ಇಂತಿ,
ಪಿನ್‌ಬಾಲ್ ರಿಪೇರಿಯ ಹಳೆಯ ಕೈ, ನಿಮ್ಮ ಕಾಯಂ ಓದುಗ